ಶಾಂತಿಸಾಗರ ಸಾಗರವಲ್ಲ, ಒಪ್ಪಿದೆ, ಸರೋವರವೂ ಅಲ್ಲವೇ?

ಹೊಂಡದ ಸರ್ಕಲ್ — ಭಾನುವಾರ, ರಾತ್ರಿ 9.40

ನನ್ನ ಮಗಳು ಏಳನೆಯ ತರಗತಿ. ಸಮಾಜ ವಿಜ್ಞಾನದ ಕಿರುಪರೀಕ್ಷೆಯ ಉತ್ತರ ಪತ್ರಿಕೆ ಶುಕ್ರವಾರ ಮನೆಗೆ ಬಂತು. ‘ಸರೋವರಕ್ಕೆ ಒಂದು ಉದಾಹರಣೆ ಕೊಡಿ’ ಎಂಬುದಕ್ಕೆ ಅವಳು ‘ಸೂಳೆಕೆರೆ’ (ಚನ್ನಗಿರಿ ಕಡೆಯ ಶಾಂತಿಸಾಗರವೇ) ಎಂದು ಬರೆದಿದ್ದಾಳೆ. ಅದರ ಮೇಲೆ ಕೆಂಪು ಶಾಯಿಯ ಗೀಟು, ಪಕ್ಕದಲ್ಲಿ ‘ಇದು ಕೆರೆ’ ಎಂಬ ಷರಾ. ಅರ್ಧ ಅಂಕ ಹೋಯಿತು. ಅವಳ ಗೆಳತಿಯೊಬ್ಬಳು ಸಾಗರಕ್ಕೆ ಉದಾಹರಣೆಯಾಗಿ ಹಿರಿಯೂರಿನ ಜಲಾಶಯ ‘ವಾಣಿ ವಿಲಾಸ ಸಾಗರ’ ಎಂದು ಬರೆದು ಸೊನ್ನೆ ತೆಗೆದುಕೊಂಡಿದ್ದಾಳಂತೆ. ಅದನ್ನು ಕೇಳಿ ನಾನೂ ನಕ್ಕೆ. ಮಗಳ ಉತ್ತರಕ್ಕೆ ಮಾತ್ರ ನಗು ಬರಲಿಲ್ಲ.

ನಾನು ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವವನು. ಭೂಗೋಳ ಓದಿ ಮೂವತ್ತು ವರ್ಷವಾಯಿತು. ಕೆರೆಗೂ ಸರೋವರಕ್ಕೂ ನಿಜವಾಗಿ ಏನು ವ್ಯತ್ಯಾಸ? ಒಂದು ಸಂಸ್ಕೃತ, ಒಂದು ಕನ್ನಡ ಎಂದಷ್ಟೇ ನಾನು ತಿಳಿದಿದ್ದೆ. ಶಾಲೆಗೆ ಹೋಗಿ ಜಗಳವಾಡುವ ಉದ್ದೇಶವಿಲ್ಲ. ಆದರೆ ‘ಅಪ್ಪ, ಹಾಗಾದರೆ ನಮ್ಮ ಜಿಲ್ಲೆಯಲ್ಲಿ ಸರೋವರವೇ ಇಲ್ಲವಾ’ ಎಂದು ಅವಳು ಕೇಳಿದ್ದಾಳೆ. ಅದಕ್ಕೆ ಉತ್ತರ ಬೇಕು.

ಹೊಸದುರ್ಗದ ಮೇಷ್ಟ್ರು — ಭಾನುವಾರ, ರಾತ್ರಿ 10.25

ಮೊದಲು ಆ ಶಿಕ್ಷಕರ ಪರವಾಗಿ ಎರಡು ಮಾತು. ನಾನೂ ಇದೇ ವಿಷಯ ಕಲಿಸಿ ನಿವೃತ್ತನಾದವನು. ಉತ್ತರಸೂಚಿಯಲ್ಲಿ ‘ದಾಲ್, ವೂಲರ್, ಚಿಲಿಕಾ’ ಎಂದಿದ್ದರೆ ಶಿಕ್ಷಕರು ಅದನ್ನೇ ಹುಡುಕುತ್ತಾರೆ. ನಲವತ್ತೈದು ಪತ್ರಿಕೆಗಳನ್ನು ಒಂದು ರಾತ್ರಿಯಲ್ಲಿ ತಿದ್ದಿ ನೋಡಿ, ಗೊತ್ತಾಗುತ್ತದೆ.

ಈಗ ವಿಷಯ. ಸುತ್ತಲೂ ನೆಲ, ನಡುವೆ ತಗ್ಗು, ಆ ತಗ್ಗಿನಲ್ಲಿ ನಿಂತ ನೀರು: ಇದು ಸರೋವರ. ಆ ತಗ್ಗನ್ನು ಪ್ರಕೃತಿ ಮಾಡಿರಬೇಕು ಎಂಬುದು ಪಾಠದ ವಾಡಿಕೆ. ಮನುಷ್ಯ ಅಡ್ಡ ಕಟ್ಟಿ ನಿಲ್ಲಿಸಿದರೆ ಅದು ಕೆರೆ. ದೊಡ್ಡ ನದಿಗೆ ಕಟ್ಟಿದರೆ ಜಲಾಶಯ. ಈ ಲೆಕ್ಕದಲ್ಲಿ ಶಿಕ್ಷಕರು ಸರಿ.

ಆದರೆ ಜಲರಾಶಿಗಳ ಹೆಸರುಗಳನ್ನು ಅಳತೆಗೋಲು ಹಿಡಿದು ಯಾರೂ ಇಟ್ಟಿಲ್ಲ. ಕ್ಯಾಸ್ಪಿಯನ್ ಸಮುದ್ರವನ್ನೇ ನೋಡಿ. ಸುಮಾರು 3.7 ಲಕ್ಷ ಚದರ ಕಿಲೋಮೀಟರ್. ಕರ್ನಾಟಕಕ್ಕಿಂತ ಸುಮಾರು ಎರಡು ಪಟ್ಟು. ಸುತ್ತಲೂ ನೆಲ, ಯಾವ ಸಾಗರಕ್ಕೂ ಬಾಯಿ ಇಲ್ಲ. ನೀರು ಉಪ್ಪು, ಆದರೆ ಸಾಗರದ ಉಪ್ಪಿನ ಮೂರನೆಯ ಒಂದು ಪಾಲಷ್ಟೇ. ಪಾಠದ ಪ್ರಕಾರ ಅದು ಪ್ರಪಂಚದ ಅತಿ ದೊಡ್ಡ ಸರೋವರ, ಹೆಸರು ಮಾತ್ರ ಸಮುದ್ರ. ದಡದ ಐದು ದೇಶಗಳಿಗೆ ಇದು ಅರ್ಧ ಅಂಕದ ಪ್ರಶ್ನೆಯಾಗಿರಲಿಲ್ಲ. ಸಮುದ್ರವೆಂದರೆ ಹಂಚಿಕೆಗೆ ಒಂದು ಕಾನೂನು, ಸರೋವರವೆಂದರೆ ಇನ್ನೊಂದು. ತಳದಲ್ಲಿ ತೈಲವಿದೆ, ಅನಿಲವಿದೆ. ಸೋವಿಯತ್ ಒಕ್ಕೂಟ ಒಡೆದ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಎಳೆದಾಡಿ, ಕೊನೆಗೆ 2018ರ ಆಗಸ್ಟ್‌ನಲ್ಲಿ ಕಜಕಸ್ತಾನದ ಅಕ್ತಾವ್ ಎಂಬ ಊರಿನಲ್ಲಿ ಸಹಿ ಹಾಕಿದರು. ಆ ಒಪ್ಪಂದದಲ್ಲಿ ಅದು ಪೂರ್ತಿ ಸಮುದ್ರವೂ ಅಲ್ಲ, ಪೂರ್ತಿ ಸರೋವರವೂ ಅಲ್ಲ. ಅದಕ್ಕೇ ಬೇರೆ ನಿಯಮ ಬರೆದುಕೊಂಡರು.

ಕೊಲ್ಲಿಯದೂ ಇದೇ ಕಥೆ. ಇಂಗ್ಲಿಷಿನಲ್ಲಿ ಕೊಲ್ಲಿಗೆ ಎರಡು ಪದಗಳಿವೆ. ಬಾಯಿ ಅಗಲವಿದ್ದರೆ ‘ಬೇ’, ಒಳಗೆ ಆಳವಾಗಿ ಚಾಚಿದ್ದರೆ ‘ಗಲ್ಫ್’ ಎಂದು ಪಾಠ ಹೇಳುತ್ತದೆ. ನಕ್ಷೆಯಲ್ಲಿ ನೋಡಿದರೆ ಎರಡೂ ಅದಲುಬದಲು. ಕನ್ನಡ ಆ ಗೋಜಿಗೇ ಹೋಗಲಿಲ್ಲ. ಬಂಗಾಳ ಕೊಲ್ಲಿಯೂ ಕೊಲ್ಲಿ, ಪರ್ಷಿಯಾ ಕೊಲ್ಲಿಯೂ ಕೊಲ್ಲಿ. ಸಾಗರಗಳ ಎಣಿಕೆಯೂ ಸ್ಥಿರವಲ್ಲ. ನಾನು ನಾಲ್ಕು ಕಲಿತು ನಾಲ್ಕು ಕಲಿಸಿದೆ. ಅಂಟಾರ್ಕ್ಟಿಕಾವನ್ನು ಸುತ್ತುವ ಪ್ರವಾಹವನ್ನೇ ಎಲ್ಲೆಯಾಗಿಸಿಕೊಂಡ ದಕ್ಷಿಣ ಸಾಗರವನ್ನು ನ್ಯಾಷನಲ್ ಜಿಯಾಗ್ರಫಿಕ್‌ನವರು 2021ರಲ್ಲಿ ತಮ್ಮ ನಕ್ಷೆಗೆ ಐದನೆಯದಾಗಿ ಸೇರಿಸಿದರು. ನಾನು ಅಷ್ಟರಲ್ಲಿ ಪಿಂಚಣಿ ತೆಗೆದುಕೊಳ್ಳುತ್ತಿದ್ದೆ.

ಮಿರ್ಚಿ ಮಂಡಕ್ಕಿ — ಭಾನುವಾರ, ರಾತ್ರಿ 10.31

ದಾವಣಗೆರೆ, ಹೊಳಲ್ಕೆರೆ, ಚಳ್ಳಕೆರೆ. ಊರಿನ ಹೆಸರಿನಲ್ಲೇ ಕೆರೆ ಕಟ್ಟಿಕೊಂಡು ಕುಳಿತ ಜನ ನಾವು. ನಮ್ಮೂರಿನ ಮಗುವಿಗೆ ‘ಇದು ಕೆರೆ’ ಎಂದು ಬರೆದು ಅಂಕ ಕಳೆಯುವುದೆಂದರೆ ಮಿರ್ಚಿ ಅಂಗಡಿಯವನಿಗೆ ‘ಇದು ಖಾರ’ ಎಂದು ದೂರು ಕೊಟ್ಟ ಹಾಗೆ.

ನೀರಗಂಟಿ ಮೊಮ್ಮಗ — ಸೋಮವಾರ, ಬೆಳಿಗ್ಗೆ 6.50

ಚನ್ನಗಿರಿ ಕಡೆಯವನು. ಮೇಷ್ಟ್ರೇ, ನೀವು ಹೇಳಿದ್ದನ್ನು ಒಪ್ಪುತ್ತೇನೆ, ಒಂದು ಕಡೆ ಬಿಟ್ಟು. ‘ತಗ್ಗನ್ನು ಪ್ರಕೃತಿ ಮಾಡಿರಬೇಕು’ ಎಂದಿರಲ್ಲ, ಸೂಳೆಕೆರೆಯ ತಗ್ಗನ್ನು ಮಾಡಿದ್ದು ಯಾರು?

ಏರಿಯ ಮೇಲೆ ಒಮ್ಮೆ ನಿಂತು ನೋಡಬೇಕು. ಆ ಕಡೆ ಗುಡ್ಡ, ಈ ಕಡೆ ಗುಡ್ಡ, ನಡುವೆ ಬಾಗಿಲು ಹಾಕಿದ ಹಾಗೆ ಏರಿ. ಅದರ ಉದ್ದ ಸುಮಾರು ಸಾವಿರ ಅಡಿ, ಅಷ್ಟೇ. ಅದರ ಹಿಂದೆ ನಿಂತ ನೀರು ಆರೂವರೆ ಸಾವಿರ ಎಕರೆಯಷ್ಟು. ಗುಡ್ಡಗಳೇ ಮುಕ್ಕಾಲು ಕೆಲಸ ಮಾಡಿಬಿಟ್ಟಿವೆ. ಹರಿದ್ರಾವತಿ ಆ ಗುಡ್ಡಸಾಲನ್ನು ಸೀಳಿಕೊಂಡು ಹೊರಟ ಒಂದೇ ಒಂದು ಕಿಂಡಿಯನ್ನು ಮನುಷ್ಯ ಮುಚ್ಚಿದ. ಹನ್ನೊಂದು-ಹನ್ನೆರಡನೆಯ ಶತಮಾನದಲ್ಲಿ ಆ ಜಾಗವನ್ನು ಹುಡುಕಿದ ಕಣ್ಣು ಯಾವುದಿರಬಹುದು ಎಂದು ನನಗೆ ಈಗಲೂ ಬೆರಗು. ಶಾಂತವ್ವ ಎಂಬ ರಾಜಕುಮಾರಿ ಕಟ್ಟಿಸಿದಳು, ಆ ನೆಲ ಸೂಳೆಯರದ್ದಾಗಿತ್ತು, ತಮ್ಮ ಹೆಸರು ಉಳಿಯಬೇಕೆಂದು ಅವರು ಕರಾರು ಹಾಕಿದರು ಎಂದು ನಮ್ಮ ಕಡೆ ಕಥೆ ಹೇಳುತ್ತಾರೆ.

ನಮ್ಮಜ್ಜ ನೀರಗಂಟಿ. ತೂಬು ಎತ್ತುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡುವುದು, ರಾತ್ರಿ ಲಾಟೀನು ಹಿಡಿದು ಕಾಲುವೆಯ ಮೇಲೆ ನಡೆಯುವುದು ಅವನ ಕೆಲಸ. ಕೂಲಿಯನ್ನು ಸುಗ್ಗಿಯಲ್ಲಿ ಕಣದ ಮೇಲೆಯೇ ಭತ್ತ ಅಳೆದು ಕೊಡುತ್ತಿದ್ದರು. ಸಿದ್ದನಾಲೆ, ಬಸವನಾಲೆ ಎಂದು ಕೆರೆಯ ಎರಡು ನಾಲೆಗಳಿಗೂ ಮನುಷ್ಯರ ಹೆಸರೇ. ಎತ್ತಿನ ಹೆಸರು ಹೇಳುವ ಹಾಗೆ ಅಜ್ಜ ಅವನ್ನು ಹೇಳುತ್ತಿದ್ದ: ‘ಇವತ್ತು ಸಿದ್ದ ಸ್ವಲ್ಪ ಮೊಂಡಾಗಿದ್ದಾನೆ.’

ಕೆರೆ ಎಂದರೆ ಬರಿಯ ನೀರಲ್ಲ. ಏರಿ ಇದೆ, ನೀರು ಬಿಡುವ ತೂಬು ಇದೆ, ತುಂಬಿ ಹೆಚ್ಚಾದದ್ದು ಹೊರಗೆ ಹರಿಯುವ ಕೋಡಿ ಇದೆ, ನೀರಿಳಿದಾಗ ಕಾಣುವ ಅಂಗಳ ಇದೆ, ಕೆಳಗೆ ಆ ನೀರುಣ್ಣುವ ಅಚ್ಚುಕಟ್ಟು ಇದೆ. ಕೋಡಿ ಬಿದ್ದ ದಿನ ಮೀನುಗಳು ಹರಿವಿಗೆ ಎದುರಾಗಿ ಏರಲು ನೋಡುತ್ತಿದ್ದವು. ನಾವು ಅಜ್ಜನ ಹಳೆಯ ಪಂಚೆಯ ಎರಡು ತುದಿ ಹಿಡಿದು ನಿಲ್ಲುತ್ತಿದ್ದೆವು. ಆ ನೀರು ಹರಿಹರದ ಹತ್ತಿರ ತುಂಗಭದ್ರೆಗೆ, ಅಲ್ಲಿಂದ ಕೃಷ್ಣೆಗೆ, ಕೊನೆಗೆ ಬಂಗಾಳ ಕೊಲ್ಲಿಗೆ. ‘ಇದು ಕೆರೆ’ ಎಂದು ಬರೆದದ್ದರಲ್ಲಿ ತಪ್ಪಿಲ್ಲ. ಅದನ್ನು ಕೆಂಪು ಶಾಯಿಯಲ್ಲಿ ಬರೆದದ್ದು ತಪ್ಪು.

ಬಾತಿಗುಡ್ಡ — ಸೋಮವಾರ, ಬೆಳಿಗ್ಗೆ 8.15

ಮಕ್ಕಳ ವಿಷಯದಲ್ಲಿ ಆ ಹೆಸರನ್ನು ಪದೇ ಪದೇ ಬಳಸುವುದು ಬೇಕೇ? ಶಾಂತಿಸಾಗರ ಎಂಬ ಚಂದದ ಹೆಸರಿದೆಯಲ್ಲ.

ನೀರಗಂಟಿ ಮೊಮ್ಮಗ — ಸೋಮವಾರ, ಬೆಳಿಗ್ಗೆ 8.22

ನಮ್ಮ ಕಡೆ ಯಾರೂ ‘ಶಾಂತಿಸಾಗರಕ್ಕೆ ಹೋಗಿ ಬಂದೆ’ ಎನ್ನುವುದಿಲ್ಲ ಸ್ವಾಮಿ. ನೆಲ ಬಿಟ್ಟುಕೊಟ್ಟವರ ಹೆಸರು ಉಳಿದಿದೆ. ಉಳಿಯಲಿ ಬಿಡಿ.

ನಿರ್ವಾಹಕ — ಸೋಮವಾರ, ಬೆಳಿಗ್ಗೆ 9.00

ಹೆಸರಿನ ಚರ್ಚೆಗೆ ಕಳೆದ ವರ್ಷ 140 ಪ್ರತಿಕ್ರಿಯೆ ಬಂದು ಬೀಗ ಹಾಕಬೇಕಾಯಿತು. ಇಲ್ಲಿ ಎರಡೂ ಹೆಸರು ನಡೆಯುತ್ತವೆ. ಮುಂದುವರಿಯಿರಿ.

ಕಲ್ಲು ಓದುವವ — ಸೋಮವಾರ, ಮಧ್ಯಾಹ್ನ 1.30

ಮಗುವಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ‘ನಮ್ಮ ಜಿಲ್ಲೆಯಲ್ಲಿ ಸರೋವರವೇ ಇಲ್ಲವಾ?’ ಇಲ್ಲ ಎಂದೇ ಹೇಳಬೇಕು. ಯಾಕಿಲ್ಲ ಎಂಬುದು ಅದಕ್ಕಿಂತ ಸ್ವಾರಸ್ಯದ ಪ್ರಶ್ನೆ.

ನೀರು ನಿಲ್ಲಲು ತಗ್ಗು ಬೇಕು. ತಗ್ಗು ಹೇಗಾಗುತ್ತದೆ? ಹಿಮನದಿ ನೆಲವನ್ನು ಉಜ್ಜಿ ಗುಂಡಿ ತೋಡಬಹುದು. ಫಿನ್ಲೆಂಡಿನಲ್ಲಿ ಒಂದು ಲಕ್ಷ ಎಂಬತ್ತು ಸಾವಿರಕ್ಕೂ ಹೆಚ್ಚು ಸರೋವರಗಳಿರುವುದು ಆ ಕಾರಣಕ್ಕೆ. ಹಿಮ ಕರಗಿ ಹೋದದ್ದು ಮೊನ್ನೆ ಮೊನ್ನೆ, ಹತ್ತು ಸಾವಿರ ವರ್ಷದ ಹಿಂದೆ. ನೆಲ ಬಿರಿದು ನಡುವಿನ ಪಟ್ಟಿ ಕುಸಿಯಬಹುದು. ಸೈಬೀರಿಯಾದ ಬೈಕಲ್ ಹಾಗಾದದ್ದು: 1,642 ಮೀಟರ್ ಆಳ, ಭೂಮಿಯ ಮೇಲ್ಮೈಯಲ್ಲಿ ಹೆಪ್ಪುಗಟ್ಟದೆ ಉಳಿದಿರುವ ಸಿಹಿನೀರಿನಲ್ಲಿ ಐದನೆಯ ಒಂದು ಪಾಲು ಅದೊಂದರಲ್ಲೇ ಇದೆ. ಅಗ್ನಿಪರ್ವತದ ಬಾಯಿಯಲ್ಲಿ ನೀರು ನಿಲ್ಲಬಹುದು. ಆಕಾಶದಿಂದ ಕಲ್ಲು ಬಿದ್ದೂ ಆಗಬಹುದು. ಮಹಾರಾಷ್ಟ್ರದ ಲೋಣಾರ್ ಅಂಥದ್ದು. ಅಲೆಗಳು ಮರಳಿನ ದಂಡೆ ಕಟ್ಟಿ ಸಮುದ್ರದ ಒಂದು ತುಂಡನ್ನು ಒಳಗೆ ಹಾಕಿಕೊಂಡರೆ ಚಿಲಿಕಾದಂಥ ಹಿನ್ನೀರು.

ನಮ್ಮ ಪ್ರಸ್ಥಭೂಮಿಗೆ ಈ ಭಾಗ್ಯ ಯಾವುದೂ ಇಲ್ಲ. ಇದು ಮುದುಕ ನೆಲ. ಇಲ್ಲಿನ ತಳಪಾಯದ ಬಂಡೆಗಳು ಮುನ್ನೂರು ಕೋಟಿ ವರ್ಷದಷ್ಟು ಹಳೆಯವು. ಸರೋವರ ಎಂಬುದು ನೆಲದ ಎಳೆ ವಯಸ್ಸಿನ ಗುರುತು. ಹೊಳೆಗಳು ಮಣ್ಣು ತಂದು ತಗ್ಗನ್ನು ತುಂಬುತ್ತವೆ, ಅಂಚನ್ನು ಕೊರೆದು ನೀರನ್ನು ಬಸಿಯುತ್ತವೆ. ನಮ್ಮ ಹಳ್ಳಗಳಿಗೆ ಈ ಕೆಲಸ ಮಾಡಿ ಮುಗಿಸಲು ಬೇಕಾದಷ್ಟು ಕಾಲ ಸಿಕ್ಕಿದೆ. ಹಾಗಾಗಿ ಮಳೆ ಬಿದ್ದರೆ ನೀರು ನಿಲ್ಲದೆ ಓಡುತ್ತದೆ. ಓಡುವ ನೀರನ್ನು ನಿಲ್ಲಿಸಬೇಕಾದವರು ನಾವೇ. ಕರ್ನಾಟಕದಲ್ಲಿ ಸಾವಿರಾರು ಕೆರೆಗಳಿರುವುದೂ ಸಹಜ ಸರೋವರ ಇಲ್ಲವೆನ್ನುವಷ್ಟು ಕಡಿಮೆ ಇರುವುದೂ ಒಂದೇ ಕಾರಣಕ್ಕೆ.

ಇನ್ನೊಂದು ಮಾತು: ಜೌಗುನೆಲಗಳನ್ನು ಕಾಪಾಡುವ ಅಂತರರಾಷ್ಟ್ರೀಯ ರಾಮ್ಸಾರ್ ಒಪ್ಪಂದದಲ್ಲಿ ಜೌಗುನೆಲ ಎಂದು ಗುರುತಿಸಲು ಅದು ಸಹಜವೋ ಕಟ್ಟಿದ್ದೋ ಎಂಬ ಭೇದವಿಲ್ಲ. ಪಕ್ಕದ ವಿಜಯನಗರ ಜಿಲ್ಲೆಯ ಅಂಕಸಮುದ್ರ ಕಟ್ಟಿದ ಕೆರೆ. 2024ರಲ್ಲಿ ಅದು ಆ ಪಟ್ಟಿಗೆ ಸೇರಿತು.

ಹೊಂಡದ ಸರ್ಕಲ್ — ಸೋಮವಾರ, ಮಧ್ಯಾಹ್ನ 2.05

ಊಟದ ಬಿಡುವಿನಲ್ಲಿ ಓದಿದೆ. ‘ಮುದುಕ ನೆಲ’ ಎಂಬುದು ಮನಸ್ಸಿಗೆ ಹಿಡಿಸಿತು. ಸಂಜೆ ಮಗಳಿಗೆ ಹೇಳುತ್ತೇನೆ. ಒಂದು ಸಂಶಯ: ಅಂಕಸಮುದ್ರ, ಭೀಮಸಮುದ್ರ, ಶಾಂತಿಸಾಗರ... ಒಣನಾಡಿನಲ್ಲಿ ಕುಳಿತು ಎಲ್ಲಕ್ಕೂ ಸಮುದ್ರ ಎಂದೇಕೆ ಹೆಸರಿಟ್ಟರು?

ಹೊಸದುರ್ಗದ ಮೇಷ್ಟ್ರು — ಸೋಮವಾರ, ಸಂಜೆ 5.10

ಕೆರೆ ಕಟ್ಟಿಸುವುದು ಪುಣ್ಯದ ಕೆಲಸ, ಹೆಸರು ಕಿರಿದಾಗಬಾರದು! ಹೊಯ್ಸಳರ ರಾಜಧಾನಿ ದೋರಸಮುದ್ರ, ಅಂದರೆ ಇಂದಿನ ಹಳೇಬೀಡು; ಅಲ್ಲಿನ ಕೆರೆಯಿಂದಲೇ ಆ ಹೆಸರು. ಅದಕ್ಕೂ ಬಹಳ ಹಿಂದೆ, ನಾಲ್ಕನೆಯ ಶತಮಾನದಲ್ಲಿ ಕದಂಬರ ಮಯೂರಶರ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಬಂಡೆಯ ಮೇಲೆ ಪ್ರಾಕೃತದಲ್ಲಿ ಬರೆಸಿದ ಶಾಸನವೂ ಕೆರೆಯ ಕೆಲಸವನ್ನೇ ಹೇಳುತ್ತದೆ. ಅಲ್ಲಿ ಬಳಸಿದ ಮಾತು ತಟಾಕ. ಅಷ್ಟು ರಾಜ್ಯಗಳನ್ನು ಗೆದ್ದೆ ಎಂದುಕೊಂಡವನು ಬಂಡೆಯ ಮೇಲೆ ಬರೆಸಲು ಒಂದು ಕೆರೆಯನ್ನು ಆರಿಸಿಕೊಂಡ.

ವೇದಾವತಿ ದಂಡೆ — ಸೋಮವಾರ, ರಾತ್ರಿ 9.15

ಹಿರಿಯೂರಿನವಳು. ವಾಣಿ ವಿಲಾಸ ಸಾಗರ ಎಂದು ಬರೆದು ಸೊನ್ನೆ ತೆಗೆದುಕೊಂಡ ಆ ಹುಡುಗಿಯ ಕಡೆಗೆ ನಾನು.

ನಮ್ಮ ಬಾಯಲ್ಲಿ ಅದು ಮಾರಿಕಣಿವೆ. ಇಲ್ಲೂ ಸೂಳೆಕೆರೆಯ ಹಾಗೆಯೇ, ಗುಡ್ಡಸಾಲಿನ ಕಿರಿದಾದ ಕಣಿವೆಯಲ್ಲಿ ವೇದಾವತಿಗೆ ಅಡ್ಡವಾಗಿ ಕಲ್ಲಿನ ಕಟ್ಟೆ. ಮೈಸೂರು ಅರಸರ ಕಾಲದಲ್ಲಿ ಕಟ್ಟಿ 1907ರ ಹೊತ್ತಿಗೆ ಮುಗಿಸಿದರು. ಹಿಡಿಯುವ ನೀರು 30 ಟಿಎಂಸಿ ಅಡಿ, ತುಂಬಿದ ಮಟ್ಟ 130 ಅಡಿ. ಕಟ್ಟಿದ್ದು ದೊಡ್ಡದು, ತುಂಬಿದ್ದು ಅಪರೂಪ. 1933ರಲ್ಲಿ ಒಮ್ಮೆ ಕೋಡಿ ಬಿತ್ತು. ನಮ್ಮ ಅಜ್ಜಿ ಆಗ ತೊಟ್ಟಿಲ ಕೂಸು. ‘ನಾನು ಹುಟ್ಟಿದ ಕಾಲಕ್ಕೆ ಕಣಿವೆ ಕೋಡಿ ಬಿದ್ದಿತ್ತು’ ಎಂದು ಸಾಯುವವರೆಗೂ ಹೇಳಿಕೊಂಡಳು, ತಾನೇ ತುಂಬಿಸಿದ ಹಾಗೆ. ನಾವು ಚಿಕ್ಕವರಿದ್ದಾಗ ನೋಡಿದ್ದೆಲ್ಲ ಬಿರುಕು ಬಿಟ್ಟ ಅಂಗಳ, ಅದರಲ್ಲಿ ಮೇಯುವ ಕುರಿ.

ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ಮೇಲೆ. ಮಳೆ ಚೆನ್ನಾಗಿತ್ತು, ಭದ್ರಾ ಮೇಲ್ದಂಡೆ ಯೋಜನೆಯ ನೀರೂ ಬಂದಿತ್ತು. ಬೆಳಗಿನ ಜಾವ ಅಮ್ಮನನ್ನು ಕರೆದುಕೊಂಡು ಹೋದೆ. ಜಾತ್ರೆಯಂತೆ ಜನ. ಅಮ್ಮ ಮರದ ಬಾಗಿನ, ಹೂವು, ಅರಿಸಿನ ಕುಂಕುಮ ತಂದಿದ್ದಳು. ನೀರಿನ ಅಂಚಿಗೆ ಬಂದವಳು ಸುಮ್ಮನೆ ನಿಂತುಬಿಟ್ಟಳು. ಕೋಡಿಯ ಕಲ್ಲಿನ ಮೇಲೆ ನೀರು ಜಾರುವುದು ಮೊದಲು ಕಾಣುವುದೇ ಇಲ್ಲ, ಕಲ್ಲಿನ ಬಣ್ಣ ಕಪ್ಪಾಗುವುದಷ್ಟೇ ಕಾಣುತ್ತದೆ, ಆಮೇಲೆ ಸದ್ದು. ‘ಅವ್ವ ಇದ್ದಿದ್ದರೆ’ ಎಂದಳು. ಬಾಗಿನ ಬಿಡುವುದನ್ನು ಮರೆತು ಮನೆಗೇ ವಾಪಸ್ ತಂದೆವು. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿದ್ದಾಗ ಹೋಗಿ ಬಿಟ್ಟು ಬಂದಳು.

ಅಂಥ ನೀರನ್ನು ಸಾಗರ ಎಂದರೆ ಸೊನ್ನೆಯೇ? ಇರಲಿ, ಭೂಗೋಳದಲ್ಲಿ ಸೊನ್ನೆ ಎಂದು ನನಗೂ ಗೊತ್ತು.

ಚಳ್ಳಕೆರೆ ಶೇಂಗಾ — ಸೋಮವಾರ, ರಾತ್ರಿ 10.02

ಅಕ್ಕಾ, ಕಟ್ಟೆಯ ಮೇಲಿನವರಿಗೆ ಸಾಗರ, ಕೆಳಗಿನ ನಮಗೆ ಮರಳು. ನನ್ನ ಪ್ರಶ್ನೆ ಬೇರೆ. ವೇದಾವತಿಯನ್ನು ನದಿ ಎಂದು ಹೇಗೆ ಕರೆಯುತ್ತೀರಿ? ಸೇತುವೆ ಮೇಲಿಂದ ನೋಡಿದರೆ ವರ್ಷದಲ್ಲಿ ಬಹುಪಾಲು ಜಾಲಿಗಿಡ, ಮರಳು, ಅದರಲ್ಲಿ ಲಾರಿಯ ಗಾಲಿ ಗುರುತು. ನೀರಿಲ್ಲದ್ದು ನದಿಯಾದರೆ ನನ್ನ ಹೊಲವೂ ಕೆರೆ.

ಕಲ್ಲು ಓದುವವ — ಸೋಮವಾರ, ರಾತ್ರಿ 10.40

ಆಸ್ಟ್ರೇಲಿಯಾದಲ್ಲಿ ಐರ್ ಎಂಬ ಸರೋವರವಿದೆ. ತುಂಬಿದರೆ ಒಂಬತ್ತು ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು, ಆದರೆ ಪೂರ್ತಿ ತುಂಬುವುದು ಶತಮಾನಕ್ಕೆ ಕೆಲವೇ ಸಲ. ಉಳಿದ ಕಾಲವೆಲ್ಲ ಬಿಳಿ ಉಪ್ಪಿನ ಬಯಲು. ನಕ್ಷೆಯಲ್ಲಿ ಅದು ಸರೋವರವೇ. ಅರಬ್ ನಾಡಿನಲ್ಲಿ ಮಳೆ ಬಂದಾಗ ಮಾತ್ರ ಹರಿಯುವ ಕಣಿವೆಗೆ ವಾಡಿ ಎನ್ನುತ್ತಾರೆ, ಅದಕ್ಕೂ ನಕ್ಷೆಯಲ್ಲಿ ಗೆರೆ ಇದೆ. ಹರಿವಿಗಿಂತ ಪಾತ್ರ ಮುಖ್ಯ. ಎಲ್ಲಿಂದ ಎಲ್ಲಿಗೆ ನೀರು ಇಳಿಯಬೇಕೆಂದು ನೆಲ ತೀರ್ಮಾನಿಸಿದೆಯೋ ಆ ದಾರಿ ನದಿ.

ವೇದಾವತಿ ಹುಟ್ಟುವುದು ಬಾಬಾಬುಡನ್ ಗಿರಿಯ ಪೂರ್ವದ ಮಗ್ಗುಲಲ್ಲಿ. ವೇದ ಎಂಬ ಹೊಳೆ ಅಯ್ಯನಕೆರೆಯನ್ನೂ ಅವತಿ ಎಂಬ ಹೊಳೆ ಮದಗದ ಕೆರೆಯನ್ನೂ ಹಾದು, ಕಡೂರಿನ ಕಡೆ ಕೂಡಿ ವೇದಾವತಿಯಾಗುತ್ತವೆ. ಅಲ್ಲಿಂದ ಮುಂದೆ ಮಳೆನೆರಳಿನ ನಾಡು. ಪಶ್ಚಿಮ ಘಟ್ಟ ಮೋಡದ ನೀರನ್ನೆಲ್ಲ ತಾನೇ ಹಿಂಡಿಕೊಂಡು ಬಿಡುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮಳೆ, ನಿಮ್ಮಲ್ಲಿ ಐನೂರರ ಆಸುಪಾಸು. ಇಷ್ಟಾದರೂ ನದಿ ಬಿಟ್ಟುಕೊಡದೆ ಹಗರಿ ಎಂದು ಹೆಸರು ಬದಲಿಸಿಕೊಂಡು ತುಂಗಭದ್ರೆಯನ್ನು ಸೇರುತ್ತದೆ.

ನಿಮ್ಮ ಹಿರಿಯರು ಬೇಸಿಗೆಯಲ್ಲಿ ಹೊಳೆಯ ಮರಳಿನಲ್ಲಿ ಒರತೆ ತೆಗೆಯುತ್ತಿರಲಿಲ್ಲವೇ?

ಚಳ್ಳಕೆರೆ ಶೇಂಗಾ — ಸೋಮವಾರ, ರಾತ್ರಿ 10.58

ತೆಗೆಯುತ್ತಿದ್ದರು. ಮೊಣಕೈ ಆಳ ತೋಡಿದರೆ ನೀರು. ಮೊದಲ ನಾಲ್ಕು ಚೊಂಬು ಕೆಸರು, ಅದನ್ನು ಎತ್ತಿ ಚೆಲ್ಲಿ ಬೀಡಿ ಸೇದುವಷ್ಟು ಹೊತ್ತು ಕುಳಿತರೆ ತಿಳಿನೀರು. ತೆಂಗಿನ ಚಿಪ್ಪಿನಲ್ಲಿ ತೋಡಿ ಕೊಡಕ್ಕೆ ತುಂಬುವುದು ಹೆಂಗಸರ ಕೆಲಸವಾಗಿತ್ತು. ಈಗ ಮರಳೇ ಇಲ್ಲ, ಒರತೆ ಎಲ್ಲಿಂದ?

ಕಲ್ಲು ಓದುವವ — ಸೋಮವಾರ, ರಾತ್ರಿ 11.04

ಅಲ್ಲಿಗೆ ನದಿ ಮರಳಿನ ಕೆಳಗೆ ಹರಿಯುತ್ತಿತ್ತು ಎಂದಾಯಿತು. ಮರಳಿನ ಹಾಸಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಬರಿ ಸಂದು, ಅದರಲ್ಲಿ ನಿಂತ ನೀರಿಗೆ ಬಿಸಿಲು ತಾಗುವುದಿಲ್ಲ. ನೀವು ಲಾರಿಯ ಗಾಲಿ ಗುರುತು ಕಂಡಿರಲ್ಲ, ಆ ಲಾರಿ ಹೊತ್ತುಕೊಂಡು ಹೋದದ್ದು ನದಿಯನ್ನೇ.

ಕೋಟೆ ದಾರಿ — ಮಂಗಳವಾರ, ಬೆಳಿಗ್ಗೆ 7.30

ಚಿತ್ರದುರ್ಗದಲ್ಲಿ ಪ್ರವಾಸಿಗರಿಗೆ ಕೋಟೆ ತೋರಿಸುವವನು. ನೀರಿನ ಬಗ್ಗೆ ಇಷ್ಟು ಮಾತಾಡಿ ಕೋಟೆಯ ಹೊಂಡಗಳನ್ನು ಬಿಟ್ಟರೆ ಹೇಗೆ? ಮೇಲೆ ಗೋಪಾಲಸ್ವಾಮಿ ಹೊಂಡ. ಅದು ತುಂಬಿ ಹೆಚ್ಚಾದ ನೀರು ಅಕ್ಕತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಕೊನೆಗೆ ಊರೊಳಗಿನ ಸಂತೆ ಹೊಂಡ. ಬಂಡೆಯ ಮೇಲೆ ಬಿದ್ದ ಮಳೆ ಇಳಿಯುವ ಒಂದೊಂದು ಮೆಟ್ಟಿಲಿಗೂ ಒಂದೊಂದು ಹೊಂಡ. ನದಿಯಿಲ್ಲದ ಬೆಟ್ಟದ ಮೇಲೆ ಅಷ್ಟು ದೊಡ್ಡ ಊರು ಬದುಕಿದ್ದು ಹೀಗೆ. ಓಬವ್ವನ ಕಿಂಡಿಯ ಬಳಿಯ ತಣ್ಣೀರು ದೊಣೆಯನ್ನು ತೋರಿಸಿದಾಗ ‘ಇಲ್ಲಿಗೆ ನೀರು ಎಲ್ಲಿಂದ’ ಎಂದು ಕೇಳದವರಿಲ್ಲ. ದೊಣೆಗೆ ಪಠ್ಯಪುಸ್ತಕದಲ್ಲಿ ಏನು ಹೆಸರೋ ಗೊತ್ತಿಲ್ಲ. ಬಂಡೆಯೇ ತಗ್ಗಾಗಿ ನೀರು ಹಿಡಿದರೆ ದೊಣೆ. ಕಲ್ಲು ಓದುವವರೇ, ನಿಮ್ಮ ಲೆಕ್ಕದಲ್ಲಿ ಇದು ಸಹಜವಾಗಿ ಆದ ತಗ್ಗು. ಹಾಗಾದರೆ ನಮ್ಮಲ್ಲೂ ಸರೋವರ ಇದೆ, ಅಂಗೈ ಅಗಲದ್ದು!

ಹಾಗೆಯೇ ಕೋಟೆಯ ಆ ದೊಡ್ಡ ಕಲ್ಲುಗುಂಡುಗಳ ಬಗ್ಗೆ ಒಂದು ಮಾತು ಹೇಳಿ. ಭೀಮ, ಹಿಡಿಂಬ ಎಸೆದಾಡಿದ ಕಲ್ಲು ಎಂದು ನಾನು ಹೇಳುತ್ತೇನೆ. ಕಾಲೇಜು ಹುಡುಗರು ನಗುತ್ತಾರೆ.

ಕಲ್ಲು ಓದುವವ — ಮಂಗಳವಾರ, ಮಧ್ಯಾಹ್ನ 1.15

ದೊಣೆ ವಿಷಯದಲ್ಲಿ ಸೋತೆ.

ಗುಂಡುಗಳನ್ನು ಯಾರೂ ಎಸೆಯಲಿಲ್ಲ, ಉರುಳಿಸಲೂ ಇಲ್ಲ. ಹೆಚ್ಚಿನವು ಹುಟ್ಟಿದ ಜಾಗದಲ್ಲೇ ಕುಳಿತಿವೆ. ಅದು ಗ್ರಾನೈಟ್, ನೆಲದಾಳದಲ್ಲಿ ಕರಗಿದ ಶಿಲೆ ನಿಧಾನವಾಗಿ ಆರಿ ಗಟ್ಟಿಯಾದದ್ದು. ಮೇಲಿನ ಹೊರೆ ಸವೆದು ಹಗುರವಾದಂತೆ ಬಂಡೆ ಬಿರಿಯಿತು, ಇಟ್ಟಿಗೆ ಗೋಡೆಯಂತೆ ಉದ್ದಕ್ಕೂ ಅಡ್ಡಕ್ಕೂ ಸೀಳು. ಆ ಸೀಳುಗಳಲ್ಲಿ ಮಳೆನೀರು ಇಳಿಯಿತು. ನೀರು ಇಟ್ಟಿಗೆಯ ಮುಖವನ್ನು ಒಂದು ಕಡೆಯಿಂದ, ಅಂಚನ್ನು ಎರಡು ಕಡೆಯಿಂದ, ಮೂಲೆಯನ್ನು ಮೂರು ಕಡೆಯಿಂದ ತಿನ್ನುತ್ತದೆ. ಮೂಲೆ ಮೊದಲು ಹೋಗುತ್ತದೆ, ಉಳಿದದ್ದು ಗುಂಡು. ಇದೆಲ್ಲ ಆದದ್ದು ಮಣ್ಣಿನೊಳಗೇ. ಆಮೇಲೆ ಮಳೆ ಆ ಪುಡಿಮಣ್ಣನ್ನು ತೊಳೆದುಕೊಂಡು ಹೋಯಿತು, ಗುಂಡುಗಳು ಒಂದರ ಮೇಲೊಂದು ಹಾಗೇ ಉಳಿದವು. ಸಾಬೂನು ಪೆಟ್ಟಿಗೆಯಲ್ಲಿ ನೀರು ನಿಂತರೆ ಚೌಕ ಸಾಬೂನು ಏನಾಗುತ್ತದೆ ಎಂದು ಹುಡುಗರಿಗೆ ಕೇಳಿ. ಭೀಮನನ್ನೂ ಬಿಡಬೇಡಿ, ಅವನ ಕಥೆ ಚೆನ್ನಾಗಿದೆ.

ಮತ್ತೆ, ಎಲ್ಲರಿಗೂ ಒಂದು ವಿಷಯ ಹೇಳಬೇಕೆಂದು ಎರಡು ದಿನದಿಂದ ಕಾಯುತ್ತಿದ್ದೆ. ಸಾಗರ ಎಂದು ಬರೆದ ಹುಡುಗಿಗೆ ಸೊನ್ನೆ ಎಂದಿರಿ. ಚಿತ್ರದುರ್ಗ ಜಿಲ್ಲೆಯಲ್ಲಿ ನಿಜವಾದ ಸಮುದ್ರವಿತ್ತು. ಹೆದ್ದಾರಿಯಲ್ಲಿ ಹಿರಿಯೂರಿನ ಕಡೆ ಹೋಗುವಾಗ ಐಮಂಗಲದ ಸಮೀಪ ಮರಡಿಹಳ್ಳಿ ಎಂಬ ಊರಿದೆ. ಅಲ್ಲಿನ ಗುಡ್ಡವನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿದೆ. ದಿಂಬಿನಾಕಾರದ ಲಾವಾ ಶಿಲೆ. ಸುಮಾರು 250 ಕೋಟಿ ವರ್ಷ ಹಳೆಯದು. ಲಾವಾ ಬಯಲಿನಲ್ಲಿ ಹರಿದರೆ ಹಾಳೆಯಂತೆ ಹರಡುತ್ತದೆ. ನೀರಿನೊಳಗೆ ಉಕ್ಕಿದರೆ ಹಾಗಲ್ಲ. ಮೈ ತಕ್ಷಣ ತಣಿದು ಗಾಜಿನಂಥ ಸಿಪ್ಪೆ ಕಟ್ಟುತ್ತದೆ, ಒಳಗೆ ಇನ್ನೂ ಕುದಿ. ಒಳಗಿನ ಒತ್ತಡಕ್ಕೆ ಉಬ್ಬಿ, ಸಿಪ್ಪೆ ಬಿರಿದು, ಬಿರುಕಿನಿಂದ ಇನ್ನೊಂದು ಉಂಡೆ ಹೊರಬರುತ್ತದೆ. ಹೀಗೆ ಒಂದರ ಮೇಲೊಂದು ದಿಂಬು. ಇಂದಿಗೂ ಸಾಗರದ ನಡುವಿನ ಏಣುಗಳಲ್ಲಿ, ಎರಡು-ಮೂರು ಕಿಲೋಮೀಟರ್ ಆಳದಲ್ಲಿ, ಇದೇ ನಡೆಯುತ್ತಿದೆ. ಚಿತ್ರದುರ್ಗದ ಹತ್ತಿರದ ಇಂಗಳದಾಳದ ಗಣಿಯಲ್ಲಿ ತಾಮ್ರ ಸಿಕ್ಕಿದ್ದೂ ಇದೇ ಹಳೆಯ ಶಿಲಾಪಟ್ಟಿಯಲ್ಲಿ.

ಚಳ್ಳಕೆರೆ ಶೇಂಗಾ — ಮಂಗಳವಾರ, ಮಧ್ಯಾಹ್ನ 1.40

ಅದು ಟೆಥಿಸ್ ಸಮುದ್ರ ಇರಬೇಕು. ಹಿಮಾಲಯ ಎದ್ದಾಗ ಬತ್ತಿಹೋಯಿತು ಎಂದು ಓದಿದ ನೆನಪು.

ಹೊಸದುರ್ಗದ ಮೇಷ್ಟ್ರು — ಮಂಗಳವಾರ, ಮಧ್ಯಾಹ್ನ 3.30

ಅಲ್ಲ. ಟೆಥಿಸ್ ಇದ್ದದ್ದು ಕಳೆದ 25 ಕೋಟಿ ವರ್ಷಗಳೊಳಗೆ, ಅದೂ ಭಾರತದ ಭೂಭಾಗದ ಉತ್ತರಕ್ಕೆ. ಮರಡಿಹಳ್ಳಿಯದು ಅದರ ಹತ್ತು ಪಟ್ಟು ಹಿಂದಿನ ಮಾತು. ಆಗ ಮೀನಿಲ್ಲ, ಚಿಪ್ಪಿಲ್ಲ, ನೆಲದ ಮೇಲೆ ಒಂದು ಹುಲ್ಲುಕಡ್ಡಿಯೂ ಇಲ್ಲ. ಇದ್ದದ್ದು ಕಣ್ಣಿಗೆ ಕಾಣದ ಏಕಕೋಶ ಜೀವಿಗಳು. ಆ ಸಮುದ್ರಕ್ಕೆ ಹೆಸರಿಟ್ಟವರಿಲ್ಲ.

ಮರಡಿ ಎಂದರೆ ಸಣ್ಣ ಗುಡ್ಡ ಎಂದು ಹೊಸಬರಿಗೆ ಹೇಳಿಬಿಡುತ್ತೇನೆ. ದಿಬ್ಬ, ದಿಣ್ಣೆ, ಮರಡಿ, ಗುಡ್ಡ, ಬೆಟ್ಟ, ಗಿರಿ. ಎಷ್ಟು ಮೀಟರಿಗೆ ಗುಡ್ಡ ಮುಗಿದು ಬೆಟ್ಟ ಶುರುವಾಗುತ್ತದೆ ಎಂದು ಮಕ್ಕಳು ಕೇಳುತ್ತಿದ್ದರು. ಬ್ರಿಟಿಷರು ಸಾವಿರ ಅಡಿ ಎಂದು ಒಂದು ಗೆರೆ ಎಳೆದುಕೊಂಡಿದ್ದರು. ಜಗತ್ತಿಗೆಲ್ಲ ಒಪ್ಪಿತವಾದ ಗೆರೆ ಯಾವುದೂ ಇಲ್ಲ. ‘ಹತ್ತಿದ ಮೇಲೆ ಉಸಿರಾಡಿ ನೋಡಿ’ ಎಂದು ನಾನು ಹೇಳುತ್ತಿದ್ದೆ.

ಹೊಂಡದ ಸರ್ಕಲ್ — ಮುಂದಿನ ಭಾನುವಾರ, ರಾತ್ರಿ 8.50

ಹೋಗಿ ಬಂದೆವು. ನಾನು, ಮಗಳು, ಮತ್ತು ವಾಣಿ ವಿಲಾಸ ಸಾಗರ ಬರೆದ ಅವಳ ಗೆಳತಿ. ಬೆಳಿಗ್ಗೆ ದೋಸೆ ತಿಂದು ಹೊರಟು ಬಿಸಿಲೇರುವ ಮೊದಲು ಮರಡಿಹಳ್ಳಿ ತಲುಪಿದೆವು.

ದೂರದಿಂದ ಏನೂ ಇಲ್ಲ. ಕುರುಚಲು ಗಿಡ, ಕಲ್ಲಿನ ದಿಬ್ಬ, ಇಲಾಖೆಯ ಫಲಕ. ಹುಡುಗಿಯರ ಮುಖ ಸಪ್ಪಗಾಯಿತು. ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕುಳಿತ ಮೇಲೆ ಕಂಡಿತು. ಹಸಿರು ಮಿಶ್ರಿತ ಬೂದು ಕಲ್ಲು, ಅದರ ತುಂಬ ಉಂಡೆ ಉಂಡೆ ಆಕಾರ, ಪ್ರತಿ ಉಂಡೆಯ ಸುತ್ತ ಬೇರೆ ಬಣ್ಣದ ತೆಳು ಅಂಚು. ಕಲ್ಲು ಓದುವವರು ಹೇಳಿದ ಸಿಪ್ಪೆ ಅದೇ ಇರಬೇಕು. ಮಗಳು ಬೆರಳಿನಿಂದ ಒಂದು ಉಂಡೆಯ ಅಂಚನ್ನು ಸುತ್ತಿ ಬಂದು ‘ಅಪ್ಪ, ನಿಮ್ಮ ಗೋದಾಮು’ ಎಂದಳು.

ನಾನು ಇಪ್ಪತ್ತೆರಡು ವರ್ಷ ಅಕ್ಕಿ ಚೀಲದ ಒಟ್ಟಿಲು ನೋಡಿದವನು. ಚೀಲದ ಮೇಲೆ ಚೀಲ ಹಾಕಿದಾಗ ಮೇಲಿನದರ ಬೆನ್ನು ಉಬ್ಬಿಯೇ ಇರುತ್ತದೆ, ಹೊಟ್ಟೆ ಮಾತ್ರ ಕೆಳಗಿನ ಎರಡು ಚೀಲದ ಸಂದಿಗೆ ಇಳಿದು ಚೂಪಾಗುತ್ತದೆ. ಒಟ್ಟಿಲಿನ ಫೋಟೊ ತಲೆಕೆಳಗಾಗಿ ಕೊಟ್ಟರೂ ಯಾವುದು ಮೇಲೆ ಎಂದು ಹೇಳಬಲ್ಲೆ. ಇಲ್ಲಿಯೂ ಒಂದೆರಡು ಕಡೆ ಅದೇ ಗುರುತು ಕಂಡಿತು: ಒಂದು ಕಡೆ ಉಬ್ಬು, ಎದುರು ಕಡೆ ಸಂದಿಗೆ ಇಳಿದ ಚೂಪು. ಕಲ್ಲು ಓದುವವರೇ, ಆ ಕಾಲದಲ್ಲಿ ಸಮುದ್ರದ ತಳ ಯಾವ ಕಡೆಗಿತ್ತು ಎಂದು ನೀವೂ ಹೀಗೆಯೇ ಗುರುತಿಸುತ್ತೀರಾ?

ಕಲ್ಲು ಓದುವವ — ಭಾನುವಾರ, ರಾತ್ರಿ 9.05

ಹೀಗೆಯೇ. ನನಗೆ ಇದು ಎಂ.ಎಸ್ಸಿ.ಯ ಎರಡನೆಯ ವರ್ಷದಲ್ಲಿ ಅರ್ಥವಾದದ್ದು. ನಿಮಗೆ ಗಿರಣಿಯಲ್ಲೇ ಪಾಠವಾಗಿದೆ.

ಹೊಂಡದ ಸರ್ಕಲ್ — ಭಾನುವಾರ, ರಾತ್ರಿ 9.20

ವಾಪಸ್ ಬರುವಾಗ ಕಾರಿನಲ್ಲಿ ಇಬ್ಬರೂ ನೋಟ್‌ಬುಕ್ ತೆಗೆದು ಏನೋ ಬರೆದುಕೊಂಡರು. ಮನೆಗೆ ಬಂದು ನೋಡಿದೆ. ‘ಸಾಗರಕ್ಕೆ ಉದಾಹರಣೆ: ಮರಡಿಹಳ್ಳಿ’ ಎಂದಿದೆ. ಸೋಮವಾರ ಶಾಲೆಯಲ್ಲಿ ತೋರಿಸುತ್ತಾರಂತೆ. ಮೇಷ್ಟ್ರೇ, ನೀವಾಗಿದ್ದರೆ ಎಷ್ಟು ಅಂಕ ಕೊಡುತ್ತಿದ್ದಿರಿ?

ಹೊಸದುರ್ಗದ ಮೇಷ್ಟ್ರು — ಭಾನುವಾರ, ರಾತ್ರಿ 9.48

ಕೆಳಗೆ ವಿವರಣೆ ಬರೆದಿದ್ದಾರೆಯೇ? ‘ಇಲ್ಲಿ ಸಮುದ್ರ ಇದೆ’ ಎಂದಿದ್ದರೆ ಸೊನ್ನೆ. ‘ಇತ್ತು’ ಎಂದಿದ್ದರೆ ಪೂರ್ಣ.

ಹೊಂಡದ ಸರ್ಕಲ್ — ಭಾನುವಾರ, ರಾತ್ರಿ 9.55

‘ಇತ್ತು’ ಎಂದು ಮಗಳು ಬರೆದಿದ್ದಾಳೆ. ಗೆಳತಿ ‘ಇದೆ’ ಎಂದು ಬರೆದು, ಹೊಡೆದುಹಾಕಿ, ಮತ್ತೆ ‘ಇದೆ’ ಎಂದೇ ಬರೆದಿದ್ದಾಳೆ.